ಬಿಡಾರದಲ್ಲಿ ಬ್ಯಾಟರಿ ಸೈಕಲ್‌ಗೆ ಚಾರ್ಜು: ಕಾರಿನ ಬ್ಯಾಟರಿಯಿಂದ ಎಷ್ಟು ತೆಗೆಯಬಹುದು?



ರಾಸುಗಳ ಆರೋಗ್ಯದ ಬಗ್ಗೆ ಬರೆಯಬೇಕಾದ ಈ ಪುಟದಲ್ಲಿ ಬ್ಯಾಟರಿಯ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಉತ್ತರ ಈ ಪಾಠದ ಕೊನೆಯ ಭಾಗದಲ್ಲಿದೆ. ದಯವಿಟ್ಟು ಅಲ್ಲಿಯವರೆಗೆ ಓದಬೇಕೆಂದು ಕೋರುತ್ತೇನೆ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಸದಸ್ಯರಲ್ಲಿ ಹಲವರು ಸಂಘಕ್ಕೆ ಹಾಲು ತರಲು ಬ್ಯಾಟರಿ ಸೈಕಲ್, ಬ್ಯಾಟರಿ ಸ್ಕೂಟರ್ ಬಳಸುತ್ತಿದ್ದಾರೆ. ಪೆಟ್ರೋಲಿನ ಖರ್ಚು ಉಳಿಯುತ್ತದೆ, ಸದ್ದಿಲ್ಲ, ಹೆಣ್ಣುಮಕ್ಕಳೂ ಸುಲಭವಾಗಿ ಓಡಿಸಬಹುದು. ಮನೆಯಲ್ಲಿ ಕರೆಂಟು ಇರುವಾಗ ಯಾವ ತೊಂದರೆಯೂ ಇಲ್ಲ. ತೊಂದರೆ ಬರುವುದು ಮನೆಯಿಂದ ಹೊರಗೆ ಬಿಡಾರ ಹೂಡಿದಾಗ. ಫಸಲು ಕಾಯಲು ದನಕರುಗಳೊಂದಿಗೆ ತೋಟದ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುವವರಿದ್ದಾರೆ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆಯಂತಹ ದನಗಳ ಜಾತ್ರೆಗೆ ಹೋಗಿ ಚಪ್ಪರ ಹಾಕಿಕೊಂಡು ನಾಲ್ಕಾರು ದಿನ ತಂಗುವವರಿದ್ದಾರೆ. ಅಂತಹ ಕಡೆ ಕರೆಂಟು ಇರುವುದಿಲ್ಲ, ಇದ್ದರೂ ಕೆಲವೇ ಗಂಟೆ. ಆಗ ಎಲ್ಲರ ಕಣ್ಣು ಬೀಳುವುದು ಪಕ್ಕದಲ್ಲಿ ನಿಂತ ಕಾರು ಅಥವಾ ಟ್ರ್ಯಾಕ್ಟರ್‌ನ ಬ್ಯಾಟರಿಯ ಮೇಲೆ.

ನಮ್ಮ ಒಬ್ಬ ಸದಸ್ಯರು ಹಾಗೆಯೇ ಮಾಡಿದರು. ಬೇಸಿಗೆಯಲ್ಲಿ ತೋಟದ ಕೊಟ್ಟಿಗೆಗೆ ಎರಡು ಹಸು, ಒಂದು ಕರುವಿನೊಂದಿಗೆ ಬಿಡಾರ ಬದಲಿಸಿದ್ದರು. ರಾತ್ರಿ ಕಾರಿನ ಬ್ಯಾಟರಿಗೆ ಸಣ್ಣ ಇನ್ವರ್ಟರ್ ಸಿಕ್ಕಿಸಿ, ಅದಕ್ಕೆ ಬ್ಯಾಟರಿ ಸೈಕಲ್‌ನ ಚಾರ್ಜರ್ ಹಾಕಿ ಮಲಗಿದರು. ಬೆಳಿಗ್ಗೆ ನೋಡಿದರೆ ಸೈಕಲ್ ಪೂರ್ತಿ ಚಾರ್ಜಾಗಿರಲಿಲ್ಲ, ಕಾರೂ ಸ್ಟಾರ್ಟ್ ಆಗಲಿಲ್ಲ. ಅಂದಿನ ಬೆಳಗಿನ 14 ಲೀಟರ್ ಹಾಲು ಸಂಘ ಮುಟ್ಟಲಿಲ್ಲ. ಇದು ಸಣ್ಣ ನಷ್ಟ. ದೊಡ್ಡ ನಷ್ಟ ಆಮೇಲೆ ಬಂತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಲೆಕ್ಕ ನೋಡೋಣ.

1. ಬ್ಯಾಟರಿಯಲ್ಲಿ ಇರುವುದೆಷ್ಟು?

ಬ್ಯಾಟರಿಯನ್ನು ಹಾಲಿನ ಕ್ಯಾನ್ ಎಂದು ತಿಳಿಯಿರಿ. ಕ್ಯಾನಿನಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆಂದು ತಿಳಿಯದೆ ಯಾರೂ ಹಾಲು ಅಳೆಯುವುದಿಲ್ಲ. ಬ್ಯಾಟರಿಯ ಅಳತೆ ವ್ಯಾಟ್-ಗಂಟೆ. ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟನ್ನು ಆಂಪೇರ್-ಗಂಟೆಯಿಂದ ಗುಣಿಸಿದರೆ ಇದು ಸಿಗುತ್ತದೆ. 1000 ವ್ಯಾಟ್-ಗಂಟೆ ಸೇರಿದರೆ ನಮ್ಮ ಕರೆಂಟು ಬಿಲ್ಲಿನ ಒಂದು ಯೂನಿಟ್.

ಸಾಮಾನ್ಯ ಉದಾಹರಣೆಗಳು:

- ಸಣ್ಣ ಕಾರಿನ ಬ್ಯಾಟರಿ: 12 ವೋಲ್ಟ್, 40 ಆಂಪೇರ್-ಗಂಟೆ. ಅಂದರೆ 480 ವ್ಯಾಟ್-ಗಂಟೆ.
- ಟ್ರ್ಯಾಕ್ಟರ್ ಬ್ಯಾಟರಿ: 12 ವೋಲ್ಟ್, 80 ಆಂಪೇರ್-ಗಂಟೆ. ಅಂದರೆ 960 ವ್ಯಾಟ್-ಗಂಟೆ.
- ಮನೆಯ ಯು.ಪಿ.ಎಸ್.ಗೆ ಹಾಕುವ ಟ್ಯೂಬುಲರ್ ಬ್ಯಾಟರಿ: 12 ವೋಲ್ಟ್, 150 ಆಂಪೇರ್-ಗಂಟೆ. ಅಂದರೆ 1800 ವ್ಯಾಟ್-ಗಂಟೆ.
- ಬ್ಯಾಟರಿ ಸೈಕಲ್: 36 ವೋಲ್ಟ್, 10 ಆಂಪೇರ್-ಗಂಟೆ. ಅಂದರೆ 360 ವ್ಯಾಟ್-ಗಂಟೆ.
- ಬ್ಯಾಟರಿ ಸ್ಕೂಟರ್: ಕಂಪನಿಗೆ ತಕ್ಕಂತೆ 2000ದಿಂದ 4000 ವ್ಯಾಟ್-ಗಂಟೆ.

ಇವು ಉದಾಹರಣೆಗಳು ಮಾತ್ರ. ನಿಮ್ಮ ಬ್ಯಾಟರಿಯ ಮೇಲಿನ ಅಂಕಿಗಳನ್ನು ನೋಡಿಯೇ ಲೆಕ್ಕ ಹಾಕಿರಿ.

2. ಪೂರ್ತಿ ತೆಗೆಯುವಂತಿಲ್ಲ

ಕರು ಹುಟ್ಟಿದ ಹಸುವಿನಿಂದ ಕರುವಿಗೆ ಬಿಡದೆ ಹಾಲನ್ನೆಲ್ಲ ಹಿಂಡಿಕೊಂಡರೆ ಮುಂದೆ ನಷ್ಟ ನಮಗೇ. ಸೀಸದ ಬ್ಯಾಟರಿಯೂ ಅಷ್ಟೆ. ಯಾವ ಸೀಸದ ಬ್ಯಾಟರಿಯನ್ನೂ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅದರಲ್ಲೂ ಕಾರು, ಟ್ರ್ಯಾಕ್ಟರ್‌ಗಳ ಬ್ಯಾಟರಿಯನ್ನು ಇಂಜಿನ್ ಸ್ಟಾರ್ಟ್ ಮಾಡಲೆಂದೇ ತಯಾರಿಸಿರುತ್ತಾರೆ. ಕೆಲವು ಕ್ಷಣ ಹೆಚ್ಚು ಕರೆಂಟು ಕೊಡುವುದು ಅದರ ಕೆಲಸ. ಅದರೊಳಗಿನ ಫಲಕಗಳು ತೆಳುವಾಗಿರುತ್ತವೆ. ಪದೇ ಪದೇ ಆಳಕ್ಕೆ ಇಳಿಸಿದರೆ ಕೆಲವೇ ತಿಂಗಳಲ್ಲಿ ಕೆಟ್ಟುಹೋಗುತ್ತದೆ. ಟ್ಯೂಬುಲರ್ ಬ್ಯಾಟರಿಯ ಫಲಕಗಳು ದಪ್ಪ. ನಿಧಾನವಾಗಿ, ದಿನವೂ ಕೊಡುವ ಕೆಲಸಕ್ಕೆ ಅದೇ ಸೂಕ್ತ.

ಇನ್ನೊಂದು ಸಂಗತಿ: ಕ್ಯಾನಿನಿಂದ ಕ್ಯಾನಿಗೆ ಹಾಲು ಸುರಿಯುವಾಗ ಸ್ವಲ್ಪ ಚೆಲ್ಲುತ್ತದೆ. ಇಲ್ಲಿ ಎರಡು ಸಲ ಸುರಿಯುತ್ತೇವೆ. ಇನ್ವರ್ಟರ್ 12 ವೋಲ್ಟನ್ನು 230 ವೋಲ್ಟ್ ಮಾಡುತ್ತದೆ, ಚಾರ್ಜರ್ ಅದನ್ನು ಮತ್ತೆ ಇಳಿಸಿ ಸೈಕಲ್ ಬ್ಯಾಟರಿಗೆ ಕೊಡುತ್ತದೆ. ಎರಡು ಕಡೆಯೂ ಶಾಖವಾಗಿ ನಷ್ಟವಾಗಿ, ಸುಮಾರು ಮುಕ್ಕಾಲು ಪಾಲು ಮಾತ್ರ ಸೈಕಲ್‌ಗೆ ಸೇರುತ್ತದೆ.

ಈಗ ನಮ್ಮ ಸದಸ್ಯರ ಲೆಕ್ಕ ನೋಡಿರಿ. ಖಾಲಿಯಾದ ಸೈಕಲ್‌ಗೆ 360 ವ್ಯಾಟ್-ಗಂಟೆ ತುಂಬಲು ಕಾರಿನ ಬ್ಯಾಟರಿಯಿಂದ ಸುಮಾರು 480 ತೆಗೆಯಬೇಕು. ಆ ಬ್ಯಾಟರಿಯಲ್ಲಿ ಇದ್ದದ್ದೇ 480. ಅರ್ಧ ಮಾತ್ರ ತೆಗೆಯಬಹುದಾದದ್ದು. ಆದ್ದರಿಂದ ಸೈಕಲ್ ತುಂಬಲಿಲ್ಲ, ಕಾರೂ ಏಳಲಿಲ್ಲ. ಇನ್ವರ್ಟರ್ ತಾನೇ ನಿಲ್ಲುತ್ತದಲ್ಲ ಎಂದು ಅವರು ನಂಬಿದ್ದರು. ಆದರೆ ಹೆಚ್ಚಿನ ಸಣ್ಣ ಇನ್ವರ್ಟರ್‌ಗಳು ಬ್ಯಾಟರಿ ಸುಮಾರು 10.5 ವೋಲ್ಟ್‌ಗೆ ಇಳಿದ ಮೇಲೆ ನಿಲ್ಲುತ್ತವೆ. ಅಷ್ಟು ಹೊತ್ತಿಗೆ ಇಂಜಿನ್ ತಿರುಗಿಸುವ ಶಕ್ತಿ ಉಳಿದಿರುವುದಿಲ್ಲ.

3. ನಿಮಗೆ ಬೇಕಾದದ್ದೆಷ್ಟು?

ಟ್ಯಾಂಕ್ ತುಂಬಿಸುವಂತೆ ಪ್ರತಿ ಸಲ ಪೂರ್ತಿ ಚಾರ್ಜು ಮಾಡಬೇಕಿಲ್ಲ. ನಾಳಿನ ಓಡಾಟಕ್ಕೆ ಎಷ್ಟು ಬೇಕೋ ಅಷ್ಟೇ ಸಾಕು. ಹಾಲಿನ ಕ್ಯಾನ್ ಹೊತ್ತ ಬ್ಯಾಟರಿ ಸೈಕಲ್‌ಗೆ ಕಿಲೋಮೀಟರ್‌ಗೆ ಸುಮಾರು 15 ವ್ಯಾಟ್-ಗಂಟೆ ಎಂದು ಹಿಡಿಯಬಹುದು. ಏರು ದಾರಿಯಾದರೆ ಇನ್ನೂ ಹೆಚ್ಚು, ಪೆಡಲ್ ತುಳಿದರೆ ಕಡಿಮೆ.

ತೋಟದಿಂದ ಸಂಘಕ್ಕೆ 4 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗಿ ಬರಲು 8 ಕಿ.ಮೀ., ಅಂದರೆ 120 ವ್ಯಾಟ್-ಗಂಟೆ. ನಷ್ಟ ಸೇರಿ ಕಾರಿನ ಬ್ಯಾಟರಿಯಿಂದ 160 ಹೋಗುತ್ತದೆ. ಇದು ಅದರ ಮೂರನೇ ಒಂದು ಭಾಗ. ಎರಡೂ ಹೊತ್ತು ಹಾಲು ಹಾಕಿದರೆ 320. ಇದು ಮೂರನೇ ಎರಡು ಭಾಗ, ಮಿತಿ ಮೀರಿತು. ಆದುದರಿಂದ ಸಣ್ಣ ಕಾರಿನ ಬ್ಯಾಟರಿ ಅಪರೂಪಕ್ಕೊಮ್ಮೆ, ತುರ್ತಿಗೆ, ಒಂದು ಹೊತ್ತಿನ ಹಾಲಿಗೆ ಆಗುತ್ತದೆ. ದಿನನಿತ್ಯದ ಏರ್ಪಾಟಿಗೆ ಆಗುವುದಿಲ್ಲ.

ಅದೇ 150 ಆಂಪೇರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯಲ್ಲಿ ಅರ್ಧ, ಅಂದರೆ 900 ವ್ಯಾಟ್-ಗಂಟೆ ಬಳಸಬಹುದು. ದಿನಕ್ಕೆ 320ರಂತೆ ಎರಡು ದಿನ ಚಿಂತೆಯಿಲ್ಲ. ಮೂರನೆಯ ದಿನ ಅದನ್ನು ಮತ್ತೆ ತುಂಬಲೇಬೇಕು.

ಬ್ಯಾಟರಿ ಸ್ಕೂಟರ್ ಇರುವವರಿಗೆ ಒಂದು ಮಾತು. ಅದರ ಚಾರ್ಜರ್ ಹಲವು ನೂರು ವ್ಯಾಟ್ ಎಳೆಯುತ್ತದೆ. 750 ವ್ಯಾಟ್ ಎಂದರೆ 12 ವೋಲ್ಟ್ ಬ್ಯಾಟರಿಯಿಂದ 60-70 ಆಂಪೇರ್. ಇದು ಕಾರಿನ ಸಿಗರೇಟ್ ಸಾಕೆಟ್‌ಗಾಗಲಿ, ಸಣ್ಣ ಇನ್ವರ್ಟರ್‌ಗಾಗಲಿ ತಡೆಯುವ ಭಾರವಲ್ಲ. ದೊಡ್ಡ ಇನ್ವರ್ಟರ್ ಮತ್ತು ಟ್ಯೂಬುಲರ್ ಬ್ಯಾಟರಿ ಇದ್ದರೂ ಒಮ್ಮೆಗೆ 15-20 ಕಿ.ಮೀ. ಓಡಾಟಕ್ಕೆ ಆಗುವಷ್ಟೇ ಸಿಗುತ್ತದೆ. ಸ್ಕೂಟರನ್ನು ಊರಿನಲ್ಲಿ, ಮನೆಯ ಅಥವಾ ನೆಂಟರ ಮನೆಯ ಪ್ಲಗ್ಗಿನಲ್ಲಿ ಚಾರ್ಜು ಮಾಡುವುದೇ ಜಾಣತನ.

4. ತೆಗೆದದ್ದನ್ನು ತುಂಬುವುದು ಹೇಗೆ?

(ಅ) ಇಂಜಿನ್ ಓಡಿಸಿ ತುಂಬುವುದು: ಗಾಡಿ ನಿಲ್ಲಿಸಿ ಇಂಜಿನ್ ಮಾತ್ರ ಓಡಿಸಿದರೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಇಂಧನ ಖರ್ಚಾಗುತ್ತದೆ. ಸೈಕಲ್ ಚಾರ್ಜರ್‌ಗೆ ನಾಲ್ಕೈದು ಗಂಟೆ ಬೇಕು. ಅಷ್ಟು ಇಂಧನ ಸುಟ್ಟು 20-25 ಕಿ.ಮೀ. ಹೋಗುವುದಕ್ಕಿಂತ ಅದೇ ಗಾಡಿಯಲ್ಲಿ ಹಾಲು ಒಯ್ಯುವುದು ಲೇಸು. ಮುಚ್ಚಿದ ಕೊಟ್ಟಿಗೆ, ಶೆಡ್ಡುಗಳಲ್ಲಿ ಇಂಜಿನ್ ಓಡಿಸುವುದಂತೂ ಸಲ್ಲದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜನಕ್ಕೂ ದನಕ್ಕೂ ಅದು ಪ್ರಾಣಾಂತಿಕ.

(ಆ) ಗಾಡಿ ಓಡುವಾಗ ತುಂಬುವುದು: ಹೇಗೂ ಪೇಟೆಗೆ ಹೋಗುವುದಿದ್ದರೆ ಎರಡನೆಯ ಬ್ಯಾಟರಿಯನ್ನು ಗಾಡಿಯಲ್ಲಿಟ್ಟು ದಾರಿಯಲ್ಲಿ ತುಂಬಿಸಬಹುದು. ಇಂಜಿನ್ ನಿಂತಾಗ ಎರಡು ಬ್ಯಾಟರಿಗಳನ್ನು ಬೇರ್ಪಡಿಸುವ ರಿಲೇಯನ್ನು ಆಟೋ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿಕೊಳ್ಳಬೇಕು. ಆಗ ಎರಡನೆಯದು ಖಾಲಿಯಾದರೂ ಗಾಡಿ ಸ್ಟಾರ್ಟ್ ಆಗಲು ಮೊದಲನೆಯದು ಉಳಿದಿರುತ್ತದೆ. ನಾಲ್ಕು ಕಿಲೋಮೀಟರ್ ಓಡಿಸಿದ ಮಾತ್ರಕ್ಕೆ ಬ್ಯಾಟರಿ ತುಂಬುವುದಿಲ್ಲ. ಅದಕ್ಕೆ ಗಂಟೆಗಳು ಬೇಕು.

(ಇ) ಸೌರ ಫಲಕ: ಬಿಡಾರಕ್ಕೆ ಇದೇ ಉತ್ತಮ. 100 ವ್ಯಾಟಿನ ಒಂದು ಫಲಕ ನಮ್ಮ ಬಿಸಿಲಿನಲ್ಲಿ ದಿನಕ್ಕೆ ಸುಮಾರು 400 ವ್ಯಾಟ್-ಗಂಟೆ ಕೊಡುತ್ತದೆ. ಬ್ಯಾಟರಿಗೆ ತುಂಬುವಾಗಿನ ನಷ್ಟ ಕಳೆದರೆ ಎರಡು ಹೊತ್ತಿನ ಹಾಲಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮೋಡದ ದಿನಗಳನ್ನು ಎಣಿಸಿ ಎರಡು ಫಲಕ ಇಟ್ಟುಕೊಂಡರೆ ನಿಶ್ಚಿಂತೆ. ಫಲಕ ಮತ್ತು ಬ್ಯಾಟರಿಯ ನಡುವೆ ಚಾರ್ಜ್ ಕಂಟ್ರೋಲರ್ ಕಡ್ಡಾಯ. ಫಲಕದ ಮೇಲೆ ಮರದ ನೆರಳು ಬೀಳಬಾರದು, ಧೂಳನ್ನು ಆಗಾಗ ಒರೆಸಬೇಕು. ಬಿಸಿಲಿರುವ ಹಗಲಿನಲ್ಲಿಯೇ ಸೈಕಲ್ ಚಾರ್ಜು ಮಾಡಿದರೆ ಬ್ಯಾಟರಿಯ ಮೇಲಿನ ಹೊರೆಯೂ ಕಡಿಮೆಯಾಗುತ್ತದೆ.

5. ಜೋಡಿಸುವ ಕ್ರಮ

- ಚಾರ್ಜರ್‌ನ ವ್ಯಾಟ್ ನೋಡಿ ಅದಕ್ಕಿಂತ ಕನಿಷ್ಠ ಒಂದೂವರೆ ಪಟ್ಟು ಶಕ್ತಿಯ ಇನ್ವರ್ಟರ್ ತರಬೇಕು. ಶುದ್ಧ ಸೈನ್ ವೇವ್ ಇನ್ವರ್ಟರ್ ಆದರೆ ಚಾರ್ಜರ್ ಬಿಸಿಯಾಗದೆ ಕೆಲಸ ಮಾಡುತ್ತದೆ.
- ಬ್ಯಾಟರಿಯಿಂದ ಇನ್ವರ್ಟರ್‌ಗೆ ತಂತಿ ಗಿಡ್ಡವಾಗಿ, ದಪ್ಪವಾಗಿ ಇರಲಿ. ಸುಮಾರು 100 ವ್ಯಾಟಿನ ಸೈಕಲ್ ಚಾರ್ಜರ್ ಒಂದಕ್ಕೆ 4 ಚದರ ಮಿ.ಮೀ. ತಾಮ್ರದ ತಂತಿ ಸಾಕು. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ 15 ಆಂಪೇರ್ ಫ್ಯೂಸ್ ಹಾಕಿರಿ.
- ಜೋಡಿಸುವಾಗ ಮೊದಲು ಪ್ಲಸ್, ಆಮೇಲೆ ಮೈನಸ್. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್.
- ಮೂರು ಕಾರ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 36 ವೋಲ್ಟ್ ಮಾಡಿ ಸೈಕಲ್ ಬ್ಯಾಟರಿಗೆ ನೇರವಾಗಿ ಕೊಡುವ ಸಾಹಸ ಯಾರೂ ಮಾಡಬಾರದು. ಕರೆಂಟಿಗೆ ಕಡಿವಾಣವಿಲ್ಲದೆ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಕಂಪನಿಯ ಚಾರ್ಜರ್ ಮೂಲಕವೇ ಚಾರ್ಜು ಮಾಡಬೇಕು.
- ಓಡಿ ಬಂದ ಸೈಕಲ್‌ನ ಬ್ಯಾಟರಿ ಬಿಸಿಯಾಗಿರುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ಆರಿದ ಮೇಲೆ ಚಾರ್ಜಿಗೆ ಹಾಕಿರಿ.
- ಹುಲ್ಲಿನ ಬಣವೆ, ಒಣ ಮೇವು, ಗೋಣಿಚೀಲಗಳಿಂದ ದೂರವಿರಲಿ. ಚಾರ್ಜಾಗುವ ಸೀಸದ ಬ್ಯಾಟರಿಯಿಂದ ಜಲಜನಕ ಅನಿಲ ಬರುತ್ತದೆ. ಅದರ ಹತ್ತಿರ ಬೀಡಿ, ದೀಪ, ಒಲೆ ಕೂಡದು.
- ಇನ್ವರ್ಟರ್‌ನಿಂದ ಹೊರಬರುವುದು ಮನೆಯ ಕರೆಂಟಿನಷ್ಟೇ ಅಪಾಯಕಾರಿಯಾದ 230 ವೋಲ್ಟ್. ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ನಿಂತ ದನಗಳಿಗೆ ಮನುಷ್ಯರಿಗಿಂತ ಬೇಗ ಶಾಕ್ ತಗಲುತ್ತದೆ. ವೈರು ದನ ಕಟ್ಟುವ ಸರಪಳಿ, ಗೂಟ, ಗೋದಲಿಗಳ ಮೇಲೆ ಹಾಯಬಾರದು.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಚಿಕ್ಕ ವೋಲ್ಟ್ ಮೀಟರ್ ಒಂದನ್ನು ಇಟ್ಟುಕೊಳ್ಳಿರಿ. ಯಾವ ಹೊರೆಯೂ ಇಲ್ಲದೆ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ತುಂಬಿದೆ. 12.2 ಇದ್ದರೆ ಅರ್ಧ, ಅಲ್ಲಿಗೆ ನಿಲ್ಲಿಸಿರಿ. 12ಕ್ಕಿಂತ ಕೆಳಗಿದ್ದರೆ ತಡಮಾಡದೆ ತುಂಬಿಸಿರಿ.

6. ಹಳೆಯ ಬ್ಯಾಟರಿ ಕೊಟ್ಟಿಗೆಯ ಶತ್ರು

ಈಗ ನಮ್ಮ ಸದಸ್ಯರ ಕಥೆಗೆ ಮರಳೋಣ. ಮೊದಲ ದಿನದ ತೊಂದರೆಯ ನಂತರವೂ ಅವರು ಅದೇ ಕಾರಿನ ಬ್ಯಾಟರಿಯನ್ನೇ ಬಳಸುತ್ತಾ ಬಂದರು. ನಾಲ್ಕು ತಿಂಗಳಲ್ಲಿ ಅದು ಪೂರ್ತಿ ಸತ್ತಿತು. ಹೊಸದು ತಂದರು. ಹಳೆಯದನ್ನು ಮುಂದೆಂದಾದರೂ ಮಾರಿದರಾಯಿತೆಂದು ಕೊಟ್ಟಿಗೆಯ ಹಿಂದೆ ಗೋಡೆಗೆ ಒರಗಿಸಿಟ್ಟರು. ಯಾವಾಗಲೋ ಅದು ಉರುಳಿ ಬಿದ್ದು ಮೂಲೆ ಒಡೆದಿತ್ತು. ಯಾರೂ ಗಮನಿಸಿರಲಿಲ್ಲ.

ನನಗೆ ಕರೆ ಬಂದಾಗ ಐದು ತಿಂಗಳ ಹೆಣ್ಣು ಕರು ಗೋಡೆಗೆ ತಲೆ ಒತ್ತಿ ನಿಂತಿತ್ತು. ಕಣ್ಣು ತೆರೆದಿತ್ತು, ಆದರೆ ಕಾಣುತ್ತಿರಲಿಲ್ಲ. ಹಲ್ಲು ಕಡಿಯುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಕಿವಿ ಮತ್ತು ಕಣ್ಣಿನ ರೆಪ್ಪೆ ಅದುರುತ್ತಿದ್ದವು. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಮನೆಯವರು ಆಗಲೇ ಬಾಯಿಗೆ ಕೈಹಾಕಿ ನೋಡಿದ್ದರು. ಈ ಲಕ್ಷಣಗಳು ಹುಚ್ಚುನಾಯಿ ರೋಗದಲ್ಲಿಯೂ ಇರುತ್ತವೆ. ಆದ್ದರಿಂದ ಮೊದಲು ಅವರನ್ನು ಕೈ ತೊಳೆಸಿ ಆಸ್ಪತ್ರೆಗೆ ಕಳುಹಿಸಬೇಕಾಯಿತು. ಕೊಟ್ಟಿಗೆಯ ಸುತ್ತ ಹುಡುಕಿದಾಗ ಒಡೆದ ಬ್ಯಾಟರಿ, ನೆಕ್ಕಿದ ಗುರುತು ಕಂಡವು. ಚಿಕಿತ್ಸೆ ಆರಂಭಿಸಿದರೂ ಕರು ಮರುದಿನ ಬೆಳಗಿನ ಜಾವ ಸತ್ತಿತು. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆಯ ಎರಡನೆಯ ಕೋಣೆಯೊಳಗೆ ಬೂದು ಬಣ್ಣದ ಲೋಹದ ಚಕ್ಕೆಗಳು ಸಿಕ್ಕವು. ಅದು ಸೀಸದ ವಿಷ.

ಕಾರಿನ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸವೇ. ದನಗಳು ಹೊಸ ವಸ್ತು ಕಂಡರೆ ನೆಕ್ಕಿ ನೋಡುತ್ತವೆ. ಕರುಗಳಿಗೆ ಈ ಕುತೂಹಲ ಹೆಚ್ಚು, ವಿಷವೂ ಅವುಗಳಿಗೇ ಬೇಗ ತಟ್ಟುತ್ತದೆ. ರಂಜಕದಂತಹ ಖನಿಜಗಳ ಕೊರತೆಯಿದ್ದ ರಾಸುಗಳು ಮಣ್ಣು, ಮೂಳೆ, ಗೋಡೆ, ಕಬ್ಬಿಣ ಎಲ್ಲವನ್ನೂ ನೆಕ್ಕುತ್ತವೆ. ನುಂಗಿದ ಸೀಸದ ಚೂರು ಹೊಟ್ಟೆಯಲ್ಲಿ ಕುಳಿತು ದಿನವೂ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ.

ಗಮನಿಸಬೇಕಾದ ಲಕ್ಷಣಗಳು: ಮೇವು ಬಿಡುವುದು, ಮೆಲುಕು ನಿಲ್ಲುವುದು, ಗುಂಪಿನಿಂದ ದೂರ ನಿಲ್ಲುವುದು, ಕುರುಡುತನ, ತಲೆ ಒತ್ತುವುದು, ಹಲ್ಲು ಕಡಿಯುವುದು, ಜೊಲ್ಲು, ಅದುರುವಿಕೆ, ಸೆಳವು. ಕೆಲವೊಮ್ಮೆ ಯಾವ ಲಕ್ಷಣವೂ ಕಾಣುವ ಮೊದಲೇ ರಾಸು ಸತ್ತು ಬಿದ್ದಿರುತ್ತದೆ.

ತಕ್ಷಣ ಮಾಡಬೇಕಾದ್ದು: ಬಾಯಿಗೆ ಕೈಹಾಕಬೇಡಿ. ಎಣ್ಣೆ, ಕಷಾಯ ಏನನ್ನೂ ಗೊಟ್ಟದಿಂದ ಕುಡಿಸಬೇಡಿ. ನುಂಗಲಾರದ ರಾಸಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಉಳಿದ ರಾಸುಗಳನ್ನು ಆ ಜಾಗದಿಂದ ಬೇರೆಡೆ ಕಟ್ಟಿರಿ. ಪಶುವೈದ್ಯರಿಗೆ ತಿಳಿಸುವಾಗ ಬ್ಯಾಟರಿ ಇದ್ದ ವಿಷಯ ಮುಚ್ಚಿಡಬೇಡಿ. ಸೀಸವನ್ನು ಹೊರಹಾಕುವ ಚುಚ್ಚುಮದ್ದು, ಥಯಾಮಿನ್ ಮುಂತಾದ ಚಿಕಿತ್ಸೆಯಿದೆ. ಬೇಗ ಆರಂಭಿಸಿದರೆ ಕೆಲವು ರಾಸುಗಳು ಉಳಿಯುತ್ತವೆ.

ಇನ್ನೊಂದು ಮುಖ್ಯ ಸಂಗತಿ. ಸೀಸ ಹಾಲಿನಲ್ಲಿಯೂ ಬರುತ್ತದೆ, ಕಾಯಿಸಿದರೆ ಹೋಗುವುದಿಲ್ಲ. ಸೀಸ ನೆಕ್ಕಿರಬಹುದೆಂಬ ಸಂಶಯವಿದ್ದ ಹಸುವಿನ ಹಾಲನ್ನು ವೈದ್ಯರು ಒಪ್ಪುವವರೆಗೆ ಸಂಘಕ್ಕೂ ಹಾಕಬಾರದು, ಮನೆಯ ಮಕ್ಕಳಿಗೂ ಕೊಡಬಾರದು. ಮೇಲ್ನೋಟಕ್ಕೆ ಆರೋಗ್ಯವಾಗಿರುವ ಹಸುವಿನ ದೇಹದಲ್ಲಿಯೂ ಸೀಸ ತಿಂಗಳುಗಟ್ಟಲೆ ಉಳಿದಿರಬಹುದು. ನಮ್ಮ ಸದಸ್ಯರು ಎರಡು ಹಸುಗಳ ಹಾಲನ್ನು ರಕ್ತ ಪರೀಕ್ಷೆಯ ವರದಿ ಬರುವವರೆಗೆ ತಾವಾಗಿಯೇ ತಡೆಹಿಡಿದರು. ಆ ನಷ್ಟವನ್ನು ಗೊಣಗದೆ ಸಹಿಸಿದ ಅವರ ಪ್ರಾಮಾಣಿಕತೆಯನ್ನು ಇಲ್ಲಿ ನೆನೆಯಬೇಕು. ತಮ್ಮ ಅನುಭವವನ್ನು ಹೆಸರಿಲ್ಲದೆ ಬರೆಯಿರಿ, ಉಳಿದವರಿಗೆ ತಿಳಿಯಲಿ ಎಂದವರೂ ಅವರೇ.

ಕೆಟ್ಟ ಬ್ಯಾಟರಿಯನ್ನು ಒಂದು ದಿನವೂ ಕೊಟ್ಟಿಗೆಯ ಹತ್ತಿರ ಇಡಬೇಡಿ. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಅಂಗಡಿಗೆ ಹಿಂತಿರುಗಿಸಿದರೆ ಬೆಲೆಯಲ್ಲಿ ಕಳೆಯುತ್ತಾರೆ. ಬಳಸಿದ ಬ್ಯಾಟರಿಗಳನ್ನು ಹಿಂಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಬಿಡಾರದಲ್ಲಿ ಬಳಸುವ ಬ್ಯಾಟರಿಯನ್ನು ಮುಚ್ಚಳವಿರುವ ಗಟ್ಟಿ ಪೆಟ್ಟಿಗೆಯಲ್ಲಿ, ಗಾಳಿಯಾಡಲು ರಂಧ್ರಗಳಿರುವಂತೆ, ರಾಸುಗಳ ನಾಲಗೆಗೂ ಕಾಲಿಗೂ ಎಟುಕದ ಕಡೆ ಇಡಿರಿ. ಆಮ್ಲ ಚೆಲ್ಲಿದ ಮಣ್ಣನ್ನು ಕೆದಕಿ ತೆಗೆದು, ದನ ಮೇಯುವ ಜಾಗ ಮತ್ತು ತಿಪ್ಪೆಯಿಂದ ದೂರ ಸಾಗಿಸಿರಿ. ರಾಸುಗಳಿಗೆ ದಿನವೂ ಖನಿಜ ಮಿಶ್ರಣ ಕೊಟ್ಟರೆ ಕಂಡದ್ದನ್ನೆಲ್ಲ ನೆಕ್ಕುವ ಚಟವೂ ಕಡಿಮೆಯಾಗುತ್ತದೆ.

ಸದಸ್ಯರ ಪ್ರಶ್ನೆಗಳು

ಪ್ರಶ್ನೆ: ಲಿಥಿಯಂ ಬ್ಯಾಟರಿ ಕೊಂಡರೆ ಸೀಸದ ತೊಂದರೆ ತಪ್ಪುತ್ತದೆಯೇ?
ಉತ್ತರ: ತಪ್ಪುತ್ತದೆ. 12 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ 80 ಭಾಗದವರೆಗೂ ಬಳಸಬಹುದು, ತೂಕವೂ ಕಡಿಮೆ. ಆದರೆ ಬೆಲೆ ಹೆಚ್ಚು, ಅದಕ್ಕೆ ಹೊಂದುವ ಚಾರ್ಜರ್ ಮತ್ತು ಕಂಟ್ರೋಲರ್ ಬೇಕು. ವರ್ಷದಲ್ಲಿ ಬಹುಕಾಲ ತೋಟದಲ್ಲೇ ಇರುವವರು ಯೋಚಿಸಬಹುದು.

ಪ್ರಶ್ನೆ: ಜಾತ್ರೆಯ ನಾಲ್ಕು ದಿನಕ್ಕೆ ಇಷ್ಟೆಲ್ಲ ಏರ್ಪಾಟು ಬೇಕೇ?
ಉತ್ತರ: ಬೇಡ. ಮನೆಯಿಂದ ಪೂರ್ತಿ ಚಾರ್ಜು ಮಾಡಿದ ಸೈಕಲ್ ಮತ್ತು ತುಂಬಿದ ಟ್ಯೂಬುಲರ್ ಬ್ಯಾಟರಿ ಒಯ್ದರೆ ಸಾಕು. ಅದನ್ನು ರಾಸುಗಳ ಸಾಲಿನಲ್ಲಿ ಇಡದೆ ಗಾಡಿಯ ಮೇಲೆಯೇ ಇಡಿರಿ.

ನೆನಪಿಡಿರಿ

ಅಳೆದು ತೆಗೆಯಿರಿ, ಅರ್ಧಕ್ಕೆ ನಿಲ್ಲಿಸಿರಿ, ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಅದರ ಕೆಲಸಕ್ಕೇ ಬಿಡಿರಿ. ಇಂದು ಸಂಜೆ ಹಾಲು ಕರೆಯಲು ಹೋದಾಗ ಕೊಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ ನೋಡಿರಿ. ಹಳೆಯ ಬ್ಯಾಟರಿ ಕಂಡರೆ ನಾಳೆಯೇ ಅದನ್ನು ಸಾಗಿಸಿರಿ.